ನಿಲ್ಲುವ ಮನೆ, ಓಡುವ ಇಂಜಿನು

ಮನೆಯೆಂದರೆ ತಳಪಾಯವುಳ್ಳದ್ದು, ನೆಲವನ್ನು ಕಚ್ಚಿಕೊಂಡು ನಿಂತಿರತಕ್ಕದ್ದು ಎಂಬುದು ನಮ್ಮಲ್ಲಿ ಬಹುಮಂದಿಯ ಭಾವನೆ. ಆದರೆ ಮಾನವನ ಇತಿಹಾಸದಲ್ಲಿ ಅಲೆಯುವ ಮನೆಯು ನಿಂತ ಮನೆಗಿಂತ ಬಹಳ ಹಳೆಯದು. ಇಂದಿಗೂ ಅಮೆರಿಕದಂತಹ ದೇಶಗಳಲ್ಲಿ ಗಾಲಿಗಳ ಮೇಲಣ ಮನೆಯಲ್ಲಿಯೇ ವರ್ಷದ ಹನ್ನೆರಡು ತಿಂಗಳೂ ಬಾಳ್ವೆ ಮಾಡುವ ಕುಟುಂಬಗಳುಂಟು. ಹೀಗೆ ಬಾಳಲು ಹೊರಟವರಿಗೆ ಮೊಟ್ಟಮೊದಲು ಎದುರಾಗುವ ಪ್ರಶ್ನೆ ಇದು: ಇಂಜಿನು ಮನೆಯ ಒಡಲಿನಲ್ಲಿಯೇ ಇರಬೇಕೆ, ಅಥವಾ ಮನೆಯಿಂದ ಬೇರ್ಪಡಿಸಿ ಬಿಚ್ಚಿಡಲು ಬರುವಂತಿರಬೇಕೆ? ಮೊದಲನೆಯ ಬಗೆಗೆ ಮೋಟಾರು ಮನೆಯೆಂದು ಹೆಸರು. ಎರಡನೆಯದು ಎಳೆಗಾಡಿಯ ಮನೆ. ಎಳೆಗಾಡಿಗಳಲ್ಲಿ ಬಹಳ ದೊಡ್ಡವನ್ನು ಅವುಗಳ ಕೊಂಡಿಯ ಹೆಸರಿನಿಂದಲೇ ‘ಫಿಫ್ತ್ ವೀಲ್’ ಅಥವಾ ಐದನೆಯ ಗಾಲಿಯ ಮನೆ ಎಂದು ಕರೆಯುತ್ತಾರೆ.

ಇದು ದೂರದೇಶದ ಅನುಕೂಲಸ್ಥರ ಚರ್ಚೆ, ನಮಗೇನು ಸಂಬಂಧ ಎಂದು ವಾಚಕರು ಕೇಳಬಹುದು. ಸಂಬಂಧವುಂಟು. ಜಮಖಂಡಿ ತಾಲೂಕಿನ ಸಾವಳಗಿಯು ಕೃಷ್ಣಾ ನದಿಯ ಉತ್ತರಕ್ಕಿರುವ ಊರು. ರೈತರು ತಮ್ಮ ಹಣವನ್ನೂ ಶ್ರಮವನ್ನೂ ಕೂಡಿಸಿ 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡ ಸೀಮೆಯಿದು. ನೀರು ಬಂದಲ್ಲಿ ಕಬ್ಬು ಬಂದಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲೂಕುಗಳಲ್ಲಿ ಮಳೆಗಾಲ ಕಳೆದು ಕಾರ್ಖಾನೆಗಳು ನುರಿಸಲಾರಂಭಿಸಿದೊಡನೆ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಮಹಾರಾಷ್ಟ್ರದ ಬೀಡ್ ಮೊದಲಾದ ಜಿಲ್ಲೆಗಳಿಂದಲೂ ನಮ್ಮದೇ ವಿಜಯಪುರ ಜಿಲ್ಲೆಯ ತಾಂಡಾಗಳಿಂದಲೂ ಹೆಂಡಿರು, ಮಕ್ಕಳು, ಪಾತ್ರೆಪಗಡೆ, ಕೋಳಿ, ಹಾಸಿಗೆಗಳೊಡನೆ ಟ್ರಾಲಿಗಳನ್ನೇರಿ ಬರುವ ಇವರು ಮುಂದಿನ ನಾಲ್ಕೈದು ತಿಂಗಳು ಹೊಲದಿಂದ ಹೊಲಕ್ಕೆ ಬೀಡು ಬದಲಿಸುತ್ತ ಬದುಕುತ್ತಾರೆ. ನಮ್ಮ ನಾಡಿನಲ್ಲಿ ‘ಗಾಲಿಯ ಮೇಲಣ ಬಾಳು’ ಎಂಬ ಮಾತಿಗೆ ನಿಜವಾದ ಅರ್ಥವಿರುವುದು ಇವರಲ್ಲಿ. ಆದರೆ ಇವರಿಗೆ ಗಾಲಿಯುಂಟು, ಮನೆಯಿಲ್ಲ. ಇಳಿದಲ್ಲಿ ರವದಿಯನ್ನೂ ತಾಡಪತ್ರಿಯನ್ನೂ ಹೊದಿಸಿದ ಜೋಪಡಿಯೇ ಅವರ ಸೂರು. ಇವರಿಗೆ ಗಾಲಿಯ ಮೇಲಣ ಮನೆಯೊಂದನ್ನು ಕಟ್ಟಿಕೊಡುವುದಾದರೆ ಅದು ಯಾವ ಬಗೆಯದಾಗಿರಬೇಕು? ಈ ಲೇಖನದ ವಿಚಾರ ಇಷ್ಟೇ.

ಎರಡು ವಂಶಗಳ ಕಥೆ

ಎಳೆಗಾಡಿಯ ಮನೆಯೇ ಹಿರಿಯದು. ವಿಹಾರಕ್ಕೆಂದೇ ಕಟ್ಟಿದ ಮೊದಲ ಗಾಡಿಮನೆಗಳಲ್ಲಿ ಹೆಸರಾದದ್ದು ಇಂಗ್ಲೆಂಡಿನ ‘ವಾಂಡರರ್’. ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾ ವೈದ್ಯರು 1885ರ ಸುಮಾರಿಗೆ ಅದನ್ನು ಬ್ರಿಸ್ಟಲ್ ನಗರದಲ್ಲಿ ಮಾಡಿಸಿಕೊಂಡರು. ಎಳೆಯಲು ಕುದುರೆಗಳಿದ್ದುವು. ಮೋಟಾರು ಮನೆಯು ಅನಂತರದ ಕೂಸು. 1910ರಲ್ಲಿ ಅಮೆರಿಕದ ಪಿಯರ್ಸ್ ಆರೋ ಕಂಪನಿಯು ಮಲಗುವುದಕ್ಕೂ ತೊಳೆಯುವುದಕ್ಕೂ ಏರ್ಪಾಡುಗಳಿದ್ದ ಕಾರೊಂದನ್ನು ಪ್ರದರ್ಶಿಸಿತು. ಈ ಬಗೆಯ ವಾಹನಗಳ ಇತಿಹಾಸವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಹೇಳುವ ರೂಢಿಯಿದೆ.

ಐದನೆಯ ಗಾಲಿ ಎಂಬ ವಿಚಿತ್ರವಾದ ಹೆಸರಿನ ಹುಟ್ಟು ಕುದುರೆಗಾಡಿಯ ಕಾಲದ್ದು. ನಾಲ್ಕು ಗಾಲಿಯ ಬಂಡಿಯು ತಿರುಗಬೇಕಾದರೆ ಮುಂದಿನ ಅಚ್ಚು ತಿರುಗಬೇಕು. ಅದು ತಿರುಗಲು ಅಚ್ಚಿಗೂ ಬಂಡಿಯ ಒಡಲಿಗೂ ನಡುವೆ ಚಕ್ರಾಕಾರದ ಬಳೆಯೊಂದನ್ನು ಮಲಗಿಸಿ ಇಡುತ್ತಿದ್ದರು. ನಿಂತ ನಾಲ್ಕು ಗಾಲಿಗಳ ಜೊತೆಗೆ ಮಲಗಿದ ಈ ಬಳೆಯೇ ಐದನೆಯ ಗಾಲಿ. 1914ರಲ್ಲಿ ಡೆಟ್ರಾಯಿಟಿನ ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರನು ಒಬ್ಬ ಮರದ ವ್ಯಾಪಾರಿಯ ದೋಣಿಯನ್ನು ಸಾಗಿಸುವುದಕ್ಕಾಗಿ ಫೋರ್ಡ್ ಕಾರಿನ ಹಿಂಭಾಗಕ್ಕೆ ಒರಗುವ ಎಳೆಗಾಡಿಯೊಂದನ್ನು ಮಾಡಿಕೊಟ್ಟನು. ಇಂದಿನ ಕಂಟೇನರ್ ಲಾರಿಗಳ ಹಿಂದಿರುವ ಉದ್ಯಮಕ್ಕೆ ಬುನಾದಿ ಹಾಕಿದವರಲ್ಲಿ ಅವನೊಬ್ಬ. ಹೆದ್ದಾರಿಯಲ್ಲಿ ಹೋಗುವ ಅಂತಹ ಲಾರಿಯನ್ನು ವಿದ್ಯಾರ್ಥಿಗಳು ಗಮನಿಸಿ ನೋಡಲಿ: ಹಿಂದಿನ ಉದ್ದನೆಯ ಒಡಲಿಗೆ ಮುಂಭಾಗದಲ್ಲಿ ಗಾಲಿಯೇ ಇಲ್ಲ, ಅದರ ಮುಂತುದಿಯು ಎಳೆಯುವ ಇಂಜಿನಿನ ಬೆನ್ನ ಮೇಲಿನ ದುಂಡು ತಟ್ಟೆಯ ಮೇಲೆ ಕುಳಿತಿರುತ್ತದೆ. ನಮ್ಮ 1988ರ ಮೋಟಾರು ವಾಹನಗಳ ಕಾಯ್ದೆಯೂ ಸೆಮಿಟ್ರೇಲರನ್ನು ಸಾದಾ ಟ್ರೇಲರಿನಿಂದ ಬೇರ್ಪಡಿಸುವುದು ಈ ಲಕ್ಷಣದಿಂದಲೇ: ತನ್ನ ಭಾರದ ಒಂದು ಪಾಲನ್ನು ಎಳೆಯುವ ವಾಹನದ ಮೇಲೆ ಹೇರುವುದು ಸೆಮಿಟ್ರೇಲರು.

ಚಕ್ಕಡಿಯ ಪಾಠ

ಈ ಯಂತ್ರತತ್ತ್ವವು ನಮಗೆ ಹೊಸದೇನೂ ಅಲ್ಲ. ನಮ್ಮ ಎರಡು ಗಾಲಿಯ ಚಕ್ಕಡಿಯು ಶುದ್ಧ ಸೆಮಿಟ್ರೇಲರು. ಅದರ ಭಾರದ ಬಹುಪಾಲನ್ನು ಅಚ್ಚು ಹೊರುತ್ತದೆ. ಉಳಿದ ಚಿಕ್ಕ ಪಾಲು ಮೂಕಿಯ ಮೂಲಕ ನೊಗಕ್ಕೆ, ನೊಗದಿಂದ ಎತ್ತುಗಳ ಹೆಗಲಿಗೆ ಹೋಗುತ್ತದೆ. ಈ ಪಾಲು ಎಷ್ಟೆಂಬುದನ್ನು ಸನ್ನೆಯ ನಿಯಮದಿಂದ ಹೈಸ್ಕೂಲಿನ ವಿದ್ಯಾರ್ಥಿಯೂ ಲೆಕ್ಕಹಾಕಬಲ್ಲನು. ಹೇರು ಸೇರಿ ಗಾಡಿಯ ತೂಕ 1000 ಕಿಲೋಗ್ರಾಂ, ಅಚ್ಚಿನಿಂದ ನೊಗಕ್ಕೆ 3 ಮೀಟರು ಎಂದು ಭಾವಿಸೋಣ. ಭಾರದ ಕೇಂದ್ರವು ಅಚ್ಚಿಗಿಂತ 10 ಸೆಂಟಿಮೀಟರು ಮುಂದಿದ್ದರೆ ನೊಗದ ಮೇಲೆ ಬೀಳುವ ಭಾರ ಸುಮಾರು 33 ಕಿಲೋಗ್ರಾಂ. ಅದೇ ಕೇಂದ್ರವು 30 ಸೆಂಟಿಮೀಟರು ಮುಂದೆ ಸರಿದರೆ ನೊಗದ ಮೇಲೆ 100 ಕಿಲೋಗ್ರಾಂ ಬೀಳುತ್ತದೆ. ಎತ್ತುಗಳ ಹೆಗಲು ಬಾಯುತ್ತದೆ. ಅಚ್ಚಿನ ಹಿಂದಕ್ಕೆ ಸರಿದರೆ ಮೂಕಿಯು ಮೇಲೇಳುತ್ತದೆ. ನೊಗವು ಎತ್ತುಗಳ ಕೊರಳನ್ನು ಮೇಲಕ್ಕೆ ಜಗ್ಗುತ್ತದೆ. ಹೇರು ಹೇರುವಾಗ ‘ಮುಂಭಾರವಾಯಿತು, ಹಿಂದೆ ಸರಿಸು’ ಎನ್ನುವ ಒಕ್ಕಲಿಗನು ಪುಸ್ತಕ ಓದದೆಯೇ ಈ ಲೆಕ್ಕವನ್ನು ಮಾಡಿರುತ್ತಾನೆ.

ಅಮೆರಿಕದ ಗಾಡಿಮನೆಗಳಲ್ಲಿಯೂ ಇದೇ ಲೆಕ್ಕ. ಕಾರಿನ ಬಾಲಕ್ಕೆ ಕೊಂಡಿಹಾಕುವ ಸಾದಾ ಎಳೆಮನೆಯು ತನ್ನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲನ್ನು ಕೊಂಡಿಯ ಮೇಲಿಡಬೇಕೆಂಬುದು ರೂಢಿಯ ನಿಯಮ. ಅದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಂತೆ ಮನೆಯು ಹಾವಿನ ಬಾಲದಂತೆ ಅತ್ತಿತ್ತ ಓಲಾಡುವುದು. ಐದನೆಯ ಗಾಲಿಯ ಮನೆಯಲ್ಲಿ ಈ ಪಾಲು ನೂರಕ್ಕೆ ಹದಿನೈದರಿಂದ ಇಪ್ಪತ್ತೈದರವರೆಗೆ ಏರುತ್ತದೆ. ಅಷ್ಟು ಭಾರವನ್ನು ವಾಹನದ ಬಾಲದ ಮೇಲೆ ಹೇರಿದರೆ ಅದರ ಮುಂಗಾಲಿಗಳು ಹಗುರಾಗಿ ಚುಕ್ಕಾಣಿಯು ಹಿಡಿತ ತಪ್ಪುತ್ತದೆ. ಆದುದರಿಂದ ಕೊಂಡಿಯನ್ನು ಪಿಕಪ್ ಲಾರಿಯ ತೊಟ್ಟಿಯೊಳಗೆ, ಹಿಂದಿನ ಅಚ್ಚಿನ ನೇರಕ್ಕೆ ಕೂರಿಸುತ್ತಾರೆ. ಐದನೆಯ ಗಾಲಿಯ ಗುಟ್ಟೆಲ್ಲ ಇಷ್ಟೇ. ಭಾರವು ಬೀಳಬೇಕಾದ ಸ್ಥಳದಲ್ಲಿ ಬಿದ್ದರೆ ದೊಡ್ಡ ಮನೆಯೂ ಸ್ಥಿರವಾಗಿ ಹಿಂಬಾಲಿಸುತ್ತದೆ.

ಮೋಟಾರು ಮನೆಯ ಪರವಾಗಿ

ನ್ಯಾಯವಾಗಿ ವಿಚಾರಮಾಡುವವರು ಎದುರು ಪಕ್ಷದ ಬಲವನ್ನೂ ಹೇಳಬೇಕು. ಮೋಟಾರು ಮನೆಯು ಒಂದೇ ಒಡಲು. ಅದರಲ್ಲಿ ಕೊಂಡಿಯಿಲ್ಲ, ಓಲಾಟವಿಲ್ಲ. ಇಳಿಜಾರಿನಲ್ಲಿ ಥಟ್ಟನೆ ಬ್ರೇಕು ಹಾಕಿದಾಗ ಹಿಂದಿನ ಗಾಡಿಯು ಮುಂದಿನದನ್ನು ತಳ್ಳಿ ಚಾಕುವಿನಂತೆ ಮಡಚಿಕೊಳ್ಳುವ ಅಪಾಯ ಎಳೆಗಾಡಿಗೆ ಉಂಟು, ಇದಕ್ಕಿಲ್ಲ. ಹಿಂದಕ್ಕೆ ನಡೆಸುವುದು ಸುಲಭ. ಎಲ್ಲಕ್ಕಿಂತ ಮುಖ್ಯವಾಗಿ, ವಾಹನವು ಚಲಿಸುತ್ತಿರುವಾಗ ಜನರು ಪಟ್ಟಿ ಬಿಗಿದುಕೊಂಡು ಅದರೊಳಗೆ ಕುಳಿತಿರಬಹುದು. ಎಳೆಗಾಡಿಯ ಮನೆಯು ಚಲಿಸುವಾಗ ಅದರೊಳಗೆ ಯಾರೂ ಇರಕೂಡದು.

ಆದುದರಿಂದ ದಿನದಿನವೂ ಊರು ಬದಲಿಸುವ ಕೆಲಸಕ್ಕೆ ಮೋಟಾರು ಮನೆಯೇ ತಕ್ಕುದು. ಸಂಚಾರಿ ಗ್ರಂಥಾಲಯ, ಸಂಚಾರಿ ಆಸ್ಪತ್ರೆಗಳು ಈ ಜಾತಿಯವು. 2020ರ ಕೊರೋನಾ ಕಾಲದಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಬಸ್ಸುಗಳನ್ನು ಸಂಚಾರಿ ಜ್ವರ ಚಿಕಿತ್ಸಾಲಯಗಳಾಗಿ ಮಾರ್ಪಡಿಸಿದುದು ಉಚಿತವಾಗಿತ್ತು. ವೈದ್ಯರು ಬೆಳಗ್ಗೆ ಒಂದೂರಿನಲ್ಲಿ, ಮಧ್ಯಾಹ್ನ ಇನ್ನೊಂದೂರಿನಲ್ಲಿ ಇರಬೇಕಾಗಿತ್ತು. ಅದೇ ವರ್ಷ ನಿಗಮವು ಬೆಂಗಳೂರಿನಲ್ಲಿ ಹಳೆಯ ಬಸ್ಸೊಂದನ್ನು ಹೆಂಗಸರ ಶೌಚಾಲಯವಾಗಿಯೂ ಮಾರ್ಪಡಿಸಿತು. ಅಲ್ಲಿ ಉಪಯೋಗಕ್ಕೆ ಬಂದುದು ಬಸ್ಸಿನ ಒಡಲು ಮಾತ್ರ. ಒಂದೆಡೆ ನಿಂತು ಸೇವೆ ಸಲ್ಲಿಸುವ ಶೌಚಾಲಯಕ್ಕೆ ಇಂಜಿನಿನಿಂದ ಕೆಲಸವೇನು?

ನಿಲ್ಲುವ ದಿನಗಳ ಲೆಕ್ಕ

ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರದ ಎಳೆ ಸಿಕ್ಕುತ್ತದೆ. ಗಾಲಿಯ ಮನೆಯನ್ನು ಆರಿಸುವವನು ಮೊದಲು ಎಣಿಸಬೇಕಾದದ್ದು ತಾನು ಓಡುವ ದಿನಗಳನ್ನಲ್ಲ, ನಿಲ್ಲುವ ದಿನಗಳನ್ನು. ಐದು ತಿಂಗಳ ಹಂಗಾಮಿನಲ್ಲಿ, ಅಂದರೆ 150 ದಿನಗಳಲ್ಲಿ, ಒಂದು ಗ್ಯಾಂಗು ಹತ್ತು ಸಲ ಬೀಡು ಬದಲಿಸಿತೆಂದು ಇಟ್ಟುಕೊಳ್ಳೋಣ. ಮನೆಯು ಚಲಿಸುವುದು 10 ದಿನ. ನಿಲ್ಲುವುದು 140 ದಿನ. ಆದರೆ ಇಂಜಿನಿನ ಲೆಕ್ಕ ಇದಕ್ಕೆ ತದ್ವಿರುದ್ಧ. ಕಬ್ಬು ಕಡಿದ ಮೇಲೆ ಒಣಗುತ್ತದೆ, ಅದರೊಳಗಿನ ಸಕ್ಕರೆಯು ಕುಗ್ಗುತ್ತದೆ. ಆದುದರಿಂದ ಟ್ರಾಕ್ಟರು ಹೇರು ತುಂಬಿಕೊಂಡು ದಿನವೂ ಕಾರ್ಖಾನೆಯ ಹಾದಿ ಹಿಡಿಯಲೇಬೇಕು. ಮನೆ ನಿಲ್ಲಬೇಕು, ಇಂಜಿನು ಓಡಬೇಕು. ಇವೆರಡನ್ನು ಒಂದೇ ಒಡಲಿಗೆ ಬೆಸೆದರೆ ಒಂದೋ ಇಂಜಿನು 140 ದಿನ ಸುಮ್ಮನೆ ನಿಂತಿರಬೇಕು, ಇಲ್ಲವೇ ಹಗಲೆಲ್ಲ ಮನೆಯು ಊರಾಚೆಯ ರಸ್ತೆಯಲ್ಲಿರಬೇಕು. ಹಸುಗೂಸನ್ನು ತೂಗುವ ತೊಟ್ಟಿಲೂ ಅದರೊಡನೆ ಕಾರ್ಖಾನೆಗೆ ಹೋಗಿಬರಬೇಕಾದೀತು.

ಅಲೆದಾಡಿ ಬಾಳಿದ ಜನರು ಶತಮಾನಗಳಿಂದ ಮಾಡಿಕೊಂಡು ಬಂದಿರುವ ಆಯ್ಕೆಯೂ ಇದೇ. ರಾಜಸ್ಥಾನದ ಗಾಡಿಯಾ ಲೋಹಾರರು ತಲೆತಲಾಂತರಗಳಿಂದ ಎತ್ತಿನ ಗಾಡಿಯನ್ನೇ ಮನೆಯಾಗಿ ಮಾಡಿಕೊಂಡ ಕಮ್ಮಾರರು. ಬೀಡು ಬಿಟ್ಟಲ್ಲಿ ಗಾಡಿಯು ಮನೆಯಾಗಿ ನಿಲ್ಲುತ್ತದೆ. ಎತ್ತುಗಳು ಮೇಯಲು ಹೋಗುತ್ತವೆ. ಚಿತ್ತೋರಗಡ ಬಿದ್ದಂದಿನಿಂದ ಅವರು ಅಲೆಯುತ್ತಿದ್ದಾರೆಂಬುದು ಪರಂಪರೆಯ ಮಾತು. ಅವರನ್ನು ಮರಳಿ ಆ ಕೋಟೆಯೊಳಕ್ಕೆ ಕರೆದೊಯ್ಯುವ ಸಮಾರಂಭವನ್ನು 1955ರಲ್ಲಿ ಪ್ರಧಾನಿ ನೆಹರೂ ಅವರು ನಡೆಸಿಕೊಟ್ಟರು. ನಮ್ಮ ಸೀಮೆಯಲ್ಲಿಯೇ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿ ಹೋಗುವವರು ಅಲ್ಲಿ ಎತ್ತುಗಳನ್ನು ಬಿಚ್ಚಿ ಕಟ್ಟಿ, ಗಾಡಿಯ ನೆರಳಿನಲ್ಲಿ ಒಲೆ ಹೂಡುತ್ತಾರೆ. ಕುರುಬರ ಮಾತು ಬೇರೆ. ಕುರಿಯ ಹಿಂಡು ಹೋಗುವ ಹಾದಿಯಲ್ಲಿ ಗಾಲಿ ಹೋಗದು. ಅವರ ಮನೆ ಕುದುರೆಯ ಬೆನ್ನೇರಿ ಸಾಗುತ್ತದೆ. ಆದರೆ ಅಲ್ಲಿಯೂ ಕುದುರೆಯೇ ಮನೆಯಲ್ಲ. ಹೇರು ಇಳಿಸಿದ ಮೇಲೆ ಅದು ಬಿಡುವಾಗುತ್ತದೆ.

ಇದಕ್ಕಿಂತಲೂ ಗಂಭೀರವಾದ ಕಾರಣವೊಂದುಂಟು. ಅದು ಯಂತ್ರಶಾಸ್ತ್ರದ್ದಲ್ಲ, ಒಡೆತನದ್ದು. ಗ್ಯಾಂಗಿನವರು ಟ್ರಾಕ್ಟರಿನ ಒಡೆಯರಲ್ಲ. ಹಂಗಾಮಿಗೆ ಮುಂಚೆ ಮುಂಗಡ ಹಣ ಪಡೆದು, ಅದನ್ನು ತೀರಿಸಲು ದುಡಿಯುವ ಜನ ಅವರು. ಟ್ರಾಕ್ಟರು ಮುಂಗಡ ಕೊಟ್ಟವನದು. ಇಂಜಿನಿಗೂ ಮನೆಗೂ ಒಂದೇ ಒಡಲಾದರೆ, ಇಂಜಿನು ಯಾರದೋ ಮನೆಯೂ ಅವರದೇ ಆಗುವುದು. ಲೆಕ್ಕದಲ್ಲಿ ಜಗಳವಾದ ದಿನ ಕೂಲಿ ಹೋಗುವುದರೊಡನೆ ತಲೆಯ ಮೇಲಿನ ಸೂರೂ ಹೋಗುವುದು. ಕೊಂಡಿ ಬಿಚ್ಚಲು ಬರುವ ಮನೆಗಾದರೋ ಯಾವ ಟ್ರಾಕ್ಟರಾದರೂ ಆದೀತು. ಇಂದು ಒಬ್ಬನದು, ನಾಳೆ ಇನ್ನೊಬ್ಬನದು. ಮನೆಯ ಕೀಲಿಯು ಮನೆಯವಳ ಸೆರಗಿನಲ್ಲಿ ಉಳಿಯುವುದು. ಒಂದು ಕೊಂಡಿಯ ಗೂಟವು ಮನುಷ್ಯನ ಸ್ವಾತಂತ್ರ್ಯದ ಪ್ರಶ್ನೆಯನ್ನು ಹೀಗೆ ನಿರ್ಧರಿಸಬಲ್ಲದು ಎಂಬುದನ್ನು ಯಂತ್ರಗಳನ್ನು ರಚಿಸುವ ವಿದ್ಯಾರ್ಥಿಗಳು ಮರೆಯಬಾರದು.

ನಮ್ಮ ಹೊಲಕ್ಕೆ ತಕ್ಕ ಮನೆ

ಹಾಗಾದರೆ ಅಮೆರಿಕದ ಐದನೆಯ ಗಾಲಿಯ ಮನೆಯನ್ನು ಹಾಗೆಯೇ ತಂದು ಸಾವಳಗಿಯ ಹೊಲದಲ್ಲಿ ನಿಲ್ಲಿಸಬಹುದೆ? ಆಗದು. ಟ್ರಾಕ್ಟರಿಗೆ ಹಿಂದಿನ ಅಚ್ಚಿನ ಮೇಲೆ ಕೊಂಡಿ ಕೂರಿಸುವ ತೊಟ್ಟಿಯಿಲ್ಲ. ಅದರ ಕೊಂಡಿಯಿರುವುದು ಅಚ್ಚಿನ ಹಿಂದೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ಅಂತರ 2 ಮೀಟರು, ಕೊಂಡಿಯು ಹಿಂದಿನ ಅಚ್ಚಿನಿಂದ 80 ಸೆಂಟಿಮೀಟರು ಹಿಂದಿದೆ ಎನ್ನೋಣ. ಕೊಂಡಿಯ ಮೇಲೆ 500 ಕಿಲೋಗ್ರಾಂ ಬಿದ್ದರೆ ಮುಂಗಾಲಿಗಳ ಮೇಲಿನ ಭಾರವು 200 ಕಿಲೋಗ್ರಾಂ ಕಡಿಮೆಯಾಗುತ್ತದೆ. ಅತಿಯಾಗಿ ಹೇರಿದ ಟ್ರಾಕ್ಟರು ಏರಿನಲ್ಲಿ ಮುಂಗಾಲೆತ್ತಿ ನಿಲ್ಲುವುದರ ಕಾರಣಗಳಲ್ಲಿ ಇದೂ ಒಂದು.

ಆದುದರಿಂದ ನಮಗೆ ಒಪ್ಪುವುದು ತನ್ನ ಭಾರವನ್ನೆಲ್ಲ ತಾನೇ ಹೊರುವ ನಾಲ್ಕು ಗಾಲಿಯ ಎಳೆಗಾಡಿ. ಅದರ ಮುಂದಿನ ಅಚ್ಚಿನ ಮೇಲೆ ತಿರುಗುವ ಬಳೆಯಿರುತ್ತದೆ. ಕುದುರೆಗಾಡಿಯ ಕಾಲದ ಆ ಮೂಲ ಐದನೆಯ ಗಾಲಿಯೇ ಅದು! ನಾಲ್ಕು ಗಾಲಿಯ ಟ್ರಾಲಿಯ ಕೆಳಗೆ ಬಗ್ಗಿ ನೋಡಿದವರಿಗೆ ಇಂದಿಗೂ ಅದು ಕಾಣಸಿಕ್ಕುತ್ತದೆ. ಹಿಂದಕ್ಕೆ ನಡೆಸಲು ಇಂತಹ ಗಾಡಿ ತೊಡಕಿನದೆಂಬುದು ದಿಟ. ಆದರೆ ತಿಂಗಳಿಗೆ ಎರಡು ಸಲ ಚಲಿಸುವ ಮನೆಗೆ ಅದೊಂದು ದೊಡ್ಡ ದೋಷವಲ್ಲ.

ಗಾಲಿಗಳ ವಿಷಯದಲ್ಲಿ ನಮ್ಮ ಎರೆಮಣ್ಣು ಒಂದು ಷರತ್ತನ್ನು ಹಾಕುತ್ತದೆ. ನೀರು ಕುಡಿದಾಗ ಉಬ್ಬಿ ಅಂಟಾಗುವ, ಒಣಗಿದಾಗ ಬಿರಿಯುವ ಮಣ್ಣದು. ಲಾರಿಯ ಟಯರಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 7 ಕಿಲೋಗ್ರಾಂ. ಟ್ರಾಕ್ಟರಿನ ಹಿಂಗಾಲಿಯದು ಸುಮಾರು 1 ಕಿಲೋಗ್ರಾಂ. ಟಯರು ನೆಲವನ್ನೊತ್ತುವ ಒತ್ತಡವೂ ಸರಿಸುಮಾರು ಇದೇ ಪ್ರಮಾಣದ್ದು. ಲಾರಿಯ ಟಯರುಗಳ ಮೇಲೆ ನಿಂತ ಭಾರವಾದ ಮೋಟಾರು ಮನೆಯು ನೀರುಂಡ ಹೊಲದಲ್ಲಿ ಹೂತುಹೋಗುವುದೂ ಅದನ್ನೆಳೆಯಲು ಟ್ರಾಕ್ಟರೇ ಬರಬೇಕಾಗುವುದೂ ಇದರಿಂದ ಸ್ಪಷ್ಟ. ಎಳೆಮನೆಗೆ ಅಗಲವಾದ, ಕಡಿಮೆ ಒತ್ತಡದ ಟಯರುಗಳಿರಬೇಕು. ಬೀಡಿನಲ್ಲಿ ನಾಲ್ಕು ಮೂಲೆಗಳಿಗೂ ಜಾಕು ಕೊಟ್ಟು, ಅವುಗಳ ಅಡಿಗೆ ಹಲಗೆಯಿಟ್ಟು ನಿಲ್ಲಿಸಬೇಕು.

ಮನೆಯ ಎತ್ತರವನ್ನೂ ಮಿತದಲ್ಲಿಡಬೇಕು. ಎಡಬಲ ಗಾಲಿಗಳ ಅಂತರ 1.8 ಮೀಟರು, ಭಾರಕೇಂದ್ರದ ಎತ್ತರ 1.2 ಮೀಟರು ಇದ್ದರೆ, ನಿಂತ ಗಾಡಿಯು ಸುಮಾರು 37 ಅಂಶಗಳವರೆಗೆ ವಾಲಿದರೂ ಮಗುಚದು. ಕೇಂದ್ರವು 2 ಮೀಟರಿಗೇರಿದರೆ 24 ಅಂಶಕ್ಕೇ ಮಗುಚುವುದು. ತುಂಬಿದ ಕಬ್ಬಿನ ಟ್ರಾಲಿಗಳು ಕಾಲುವೆಯ ಏರಿಯ ಮೇಲೆ ಏಕೆ ಉರುಳುತ್ತವೆಂಬುದಕ್ಕೆ ಉತ್ತರವೂ ಇದರಲ್ಲಿಯೇ ಇದೆ.

ಇನ್ನು ಸೆಕೆ. ಬರಿಯ ತಗಡಿನ ಪೆಟ್ಟಿಗೆಯೊಂದನ್ನು ಮಾಡಿ ಅದಕ್ಕೆ ಮನೆಯೆಂದು ಹೆಸರಿಟ್ಟರೆ ಅದು ಕುಟುಂಬಕ್ಕೆ ಮಾಡಿದ ಅಪಕಾರ. ರವದಿಯ ಜೋಪಡಿಯನ್ನು ತಾತ್ಸಾರದಿಂದ ಕಾಣುವವರು ಅದರ ಗುಣವನ್ನು ಅರಿಯರು. ಒಣಗರಿಗಳ ನಡುವೆ ಸಿಕ್ಕಿಕೊಂಡ ಗಾಳಿಯು ಶಾಖವನ್ನು ಸುಲಭವಾಗಿ ಸಾಗಗೊಡುವುದಿಲ್ಲ. ಆದುದರಿಂದ ಮಾರ್ಚಿ ತಿಂಗಳ ಮಧ್ಯಾಹ್ನದಲ್ಲಿ ಜೋಪಡಿಯು ತಗಡಿಗಿಂತ ತಂಪು. ಅದರ ದೋಷವಿರುವುದು ಬೆಂಕಿ, ಮಳೆ, ಹಾವು ಚೇಳುಗಳಲ್ಲಿ. ಹೊರಮೈಗೆ ಬಿಳಿಯ ಬಣ್ಣ ಬಳಿದ ಎರಡು ಪದರದ ಛಾವಣಿ, ಪದರಗಳ ನಡುವೆ ಬೆಂಕಿ ತಗಲದಂತಹ ನಿರೋಧಕ, ಎದುರುಬದುರಾದ ಕಿಟಕಿಗಳು, ಒಲೆಗೆ ಹೊರಗಡೆ ಮಡಚುವ ಚಪ್ಪರ ಇವು ಇದ್ದರೆ ಜೋಪಡಿಯ ತಂಪನ್ನೂ ಗೋಡೆಯ ಭದ್ರತೆಯನ್ನೂ ಕೂಡಿಸಬಹುದು. ನೆಲದಿಂದ ಮೀಟರಿನಷ್ಟು ಎತ್ತರದಲ್ಲಿ ಮಲಗುವುದೇ ಕಬ್ಬಿನ ಗದ್ದೆಯ ಬದಿಯಲ್ಲಿ ಒಂದು ದೊಡ್ಡ ರಕ್ಷಣೆ.

ಬೆಳಕಿನ ಸಮಸ್ಯೆಯು ಇಂದು ಸಮಸ್ಯೆಯೇ ಅಲ್ಲ. 5 ವಾಟಿನ ಮೂರು ದೀಪಗಳು ಐದು ಗಂಟೆ, 30 ವಾಟಿನ ಒಂದು ಬೀಸಣಿಗೆ ಎಂಟು ಗಂಟೆ ನಡೆದರೆ ದಿನಕ್ಕೆ 315 ವಾಟ್-ಗಂಟೆ ಬೇಕು. ಛಾವಣಿಯ ಮೇಲಿನ 100 ವಾಟಿನ ಒಂದು ಸೌರಫಲಕವು ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ, ನಷ್ಟಗಳನ್ನು ಕಳೆದರೂ, ಹೆಚ್ಚುಕಡಿಮೆ ಇಷ್ಟನ್ನು ಕೊಡಬಲ್ಲದು.

ಮನೆಯ ಉಳಿದರ್ಧ

ನೀರಿನ ಲೆಕ್ಕ ಹಾಗಲ್ಲ. ಹಳ್ಳಿಯ ಮನೆಗಳಿಗೆ ತಲೆಗೆ ದಿನಕ್ಕೆ 55 ಲೀಟರು ನೀರು ಎಂಬುದು ಜಲಜೀವನ್ ಮಿಷನ್ ಯೋಜನೆಯ ಗೊತ್ತುಪಾಡು. ನಾಲ್ವರ ಕುಟುಂಬಕ್ಕೆ ಒಂದು ದಿನಕ್ಕೆ 220 ಲೀಟರು, ಅಂದರೆ 220 ಕಿಲೋಗ್ರಾಂ. ಒಂದು ವಾರದ ನೀರನ್ನು ಹೊರುವುದಾದರೆ ಒಂದೂವರೆ ಟನ್ನು! ಎಷ್ಟು ಜಾಣತನದಿಂದ ಕಟ್ಟಿದರೂ ಗಾಲಿಯ ಮನೆಯು ತನ್ನ ನೀರನ್ನೂ ತನ್ನ ಕೊಳೆಯನ್ನೂ ತಾನೇ ಹೊತ್ತು ತಿರುಗಲಾರದು. ಅದಕ್ಕೆ ನಿಲ್ಲುವ ನೆಲೆ ಬೇಕು: ನಲ್ಲಿ, ಶೌಚಾಲಯ, ವಿದ್ಯುತ್ತಿನ ಕಂಬ. ಗಾಲಿಯ ಮನೆಯ ಅರ್ಧ ಭಾಗವು ಗಾಲಿಯ ಮೇಲಿದ್ದರೆ ಉಳಿದರ್ಧವು ನೆಲದಲ್ಲಿದೆ.

ಅಮೆರಿಕದ ನಿದರ್ಶನವು ಇಲ್ಲಿ ನಿಜವಾಗಿ ಪ್ರಯೋಜನಕ್ಕೆ ಬರುತ್ತದೆ. ಅಲ್ಲಿನ ಮಿನ್ನೆಸೋಟಾ, ಉತ್ತರ ಡಕೋಟಾ ರಾಜ್ಯಗಳಲ್ಲಿ ಅಕ್ಟೋಬರಿನಲ್ಲಿ ಸಕ್ಕರೆ ಬೀಟಿನ ಸುಗ್ಗಿ. ಆ ಕೆಲವು ವಾರಗಳ ಕೆಲಸಕ್ಕೆ ಗಾಲಿಯ ಮನೆಗಳಲ್ಲಿ ಬಾಳುವ ಅನೇಕರು ಮೋಟಾರು ಮನೆಗಳನ್ನೋ ಎಳೆಮನೆಗಳನ್ನೋ ತೆಗೆದುಕೊಂಡು ಬರುತ್ತಾರೆ. ಅವರಿಗೆ ನೀರು, ವಿದ್ಯುತ್ತು, ಕೊಳೆನೀರಿನ ಕೊಳವೆ ಇರುವ ನಿಲುಗಡೆಯ ಜಾಗವನ್ನು ಕೆಲಸ ಕೊಡುವವರೇ ಒದಗಿಸುವ ಪದ್ಧತಿಯಿದೆ. ಅಲ್ಲಿಯೂ ಸಕ್ಕರೆ, ಇಲ್ಲಿಯೂ ಸಕ್ಕರೆ. ಆದರೆ ಅಲ್ಲಿ ಕೆಲಸಗಾರನ ಮನೆಯು ನಿಲ್ಲುವ ಜಾಗವು ಉದ್ಯಮದ ಖರ್ಚಿನಲ್ಲಿ ಸೇರಿದೆ. ಇಲ್ಲಿ ಅದು ಹೊಲದೊಡೆಯನ ದಾಕ್ಷಿಣ್ಯಕ್ಕೆ ಬಿಟ್ಟ ಮಾತಾಗಿದೆ.

ಇದು ದಾನದ ಮಾತಲ್ಲ. ಅನ್ಯರಾಜ್ಯದಿಂದ ಕರೆತಂದ ಕೆಲಸಗಾರರಿಗೆ ತಕ್ಕ ವಸತಿಯನ್ನು ಒದಗಿಸುವುದು ಗುತ್ತಿಗೆದಾರನ ಹೊಣೆಯೆಂದು 1979ರಷ್ಟು ಹಿಂದೆಯೇ ನಮ್ಮ ಸಂಸತ್ತು ಕಾಯ್ದೆ ಮಾಡಿತ್ತು. ಆ ಹೊಣೆಯು ಕಾಗದದಲ್ಲುಳಿದು ಹೊಲಕ್ಕೆ ಬಾರದಿದ್ದುದಕ್ಕೆ ಒಂದು ಕಾರಣ, ದಿನ ಹದಿನೈದಕ್ಕೆ ಜಾಗ ಬದಲಿಸುವವರಿಗೆ ಕಟ್ಟಡ ಕಟ್ಟುವುದೆಲ್ಲಿ ಎಂಬ ನೆಪ. ಎಳೆಗಾಡಿಯ ಮನೆಯು ಆ ನೆಪವನ್ನು ಇಲ್ಲವಾಗಿಸುತ್ತದೆ.

ಮಕ್ಕಳ ವಿದ್ಯೆಯ ಮಾತೂ ಇದರೊಡನೆ ಬರುತ್ತದೆ. ಮಹಾರಾಷ್ಟ್ರದಲ್ಲಿ ಕಾರ್ಖಾನೆಗಳ ಬಳಿ ಈ ಮಕ್ಕಳಿಗಾಗಿಯೇ ‘ಸಾಖರ್ ಶಾಳಾ’ ಎಂಬ ಸಕ್ಕರೆ ಶಾಲೆಗಳು ನಡೆದುವು. ನಮ್ಮಲ್ಲಿಯೂ ವಲಸೆಯ ಮಕ್ಕಳಿಗೆ ಟೆಂಟು ಶಾಲೆಗಳ ಪ್ರಯತ್ನಗಳಾದುವು. ಆದರೆ ಚದರಿಹೋದ ಜೋಪಡಿಗಳಿಂದ ಮಕ್ಕಳನ್ನು ಹುಡುಕಿ ತರುವುದು ಯಾವ ಶಾಲೆಗೂ ಕಷ್ಟ. ಹತ್ತಿಪ್ಪತ್ತು ಮನೆಗಳು ಗೊತ್ತಾದ ನೆಲೆಯಲ್ಲಿ ನಿಲ್ಲುವಂತಾದರೆ ಅಲ್ಲಿಗೆ ಶಿಕ್ಷಕರು ಬರಬಹುದು, ಆರೋಗ್ಯ ಕಾರ್ಯಕರ್ತೆ ಬರಬಹುದು. ಸಂಚಾರಿ ಆಸ್ಪತ್ರೆಯ ಮೋಟಾರೂ ಬಂದು ನಿಲ್ಲಬಹುದು. ಮೋಟಾರು ವಾಹನಕ್ಕೆ ತಕ್ಕ ಕೆಲಸವಿರುವುದು ಅಲ್ಲಿಯೇ.

ಆಕ್ಷೇಪಗಳು

ಇಂತಹ ಮನೆಗೆ ಹಣವೆಲ್ಲಿಂದ ಎಂಬುದು ಮೊದಲ ಆಕ್ಷೇಪ. ಮೋಟಾರು ಮನೆಯಾದರೆ ಇಂಜಿನು, ಗೇರುಪೆಟ್ಟಿಗೆ, ಚುಕ್ಕಾಣಿಗಳ ಬೆಲೆಯೆಲ್ಲ ಸೇರುತ್ತದೆ. ಎಳೆಮನೆಗೆ ಬೇಕಾದುದು ಟ್ರಾಲಿಯ ಅಡಿಗಟ್ಟು, ಅದರ ಮೇಲೊಂದು ಕೋಣೆ. ಟ್ರಾಲಿ ಕಟ್ಟುವುದು ನಮ್ಮ ಕಡೆಯ ಕಮ್ಮಾರಸಾಲೆಗಳಿಗೆ ಗೊತ್ತಿರುವ ಕೆಲಸ. ಕಾರ್ಖಾನೆಗಳು ಇಂತಹ ಮನೆಗಳನ್ನು ಮಾಡಿಸಿ, ಹಂಗಾಮುಗಳ ಮೇಲೆ ಹಂಚಿದ ಕಂತುಗಳಲ್ಲಿ ಕುಟುಂಬಗಳಿಗೇ ಒಡೆತನವನ್ನು ಕೊಡುವುದು ಸಾಧ್ಯ. ಆ ಕಂತು ಮತ್ತೊಂದು ಮುಂಗಡದ ಕುಣಿಕೆಯಾಗದಂತೆ ಸರಕಾರವು ನೋಡಿಕೊಳ್ಳಬೇಕು.

ಯಂತ್ರಗಳೇ ಕಬ್ಬು ಕಡಿಯುವ ಕಾಲದಲ್ಲಿ ಇದೆಲ್ಲ ಏಕೆ ಎಂಬುದು ಎರಡನೆಯ ಆಕ್ಷೇಪ. ಕಟಾವು ಯಂತ್ರಗಳು ಬಂದಿರುವುದು ನಿಜ. ಆದರೆ ಸಣ್ಣ ಹಿಡುವಳಿಗಳಲ್ಲಿ, ಸಾಲುಗಳ ಅಂತರ ಕಿರಿದಾದಲ್ಲಿ, ಹಸಿನೆಲದಲ್ಲಿ ಅವು ಇನ್ನೂ ತಡವರಿಸುತ್ತವೆ. ಯಂತ್ರವು ಬರುವ ತನಕ ಮನುಷ್ಯನು ರವದಿಯಡಿಯಲ್ಲಿಯೇ ಮಲಗಲಿ ಎನ್ನುವುದು ನ್ಯಾಯವೂ ಅಲ್ಲ.

ಮೂರನೆಯದು ಅಪಘಾತದ ಭಯ. ಇದು ಸಕಾರಣವಾದದ್ದು. ಒಂದರ ಹಿಂದೊಂದರಂತೆ ಎರಡು ಟ್ರಾಲಿಗಳನ್ನು ಕಟ್ಟಿ, ಹಿಂದೆ ಕೆಂಪು ದೀಪವೂ ಇಲ್ಲದೆ ಕತ್ತಲೆಯಲ್ಲಿ ಸಾಗುವ ಟ್ರಾಕ್ಟರುಗಳು ಕಬ್ಬಿನ ಹಂಗಾಮಿನ ಶಾಪ. ಎಳೆಮನೆಗೆ ತನ್ನದೇ ಬ್ರೇಕು, ಪ್ರತಿಫಲಕ ಪಟ್ಟಿಗಳು, ಹಿಂದೀಪಗಳು, ಕೊಂಡಿ ಕಳಚಿದರೆ ಹಿಡಿದು ನಿಲ್ಲಿಸುವ ಸರಪಳಿ ಇವು ಕಡ್ಡಾಯವಾಗಿರಬೇಕು. ಹಗಲಿನಲ್ಲಿ, ಮೆಲ್ಲನೆ, ಬರಿದಾಗಿ ಅದನ್ನು ಸಾಗಿಸಬೇಕು. ಮನೆಯವರು ಬಸ್ಸಿನಲ್ಲಿ ಬರಲಿ. ಇಂದು ಅವರು ಹೇರಿದ ಸಾಮಾನಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಬರುತ್ತಿರುವುದಕ್ಕಿಂತ ಇದು ಎಷ್ಟೋ ಮೇಲು.

ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಗಲಿ, ಸೀಮೆಯ ಪಾಲಿಟೆಕ್ನಿಕ್‌ಗಳಲ್ಲಿ ಆಗಲಿ, ವರ್ಷವರ್ಷವೂ ಕೊನೆಯ ತರಗತಿಯವರು ಏನಾದರೊಂದು ಯಂತ್ರವನ್ನು ರಚಿಸಿ ತೋರಿಸಬೇಕಾಗುತ್ತದೆ. ಟ್ರಾಕ್ಟರಿನಿಂದ ಎಳೆಯಬಲ್ಲ, 37 ಅಂಶಗಳವರೆಗೂ ಮಗುಚದ, ಮಾರ್ಚಿಯ ಮಧ್ಯಾಹ್ನದಲ್ಲಿ ಒಳಗೆ ಕೂಸು ನಿದ್ರಿಸಬಲ್ಲಂತಹ ಮನೆಯೊಂದರ ನಕ್ಷೆಯನ್ನು ಅವರು ಬರೆಯಲಿ. ಬರೆಯುವುದಕ್ಕೆ ಮೊದಲು ಹಂಗಾಮಿನಲ್ಲಿ ಒಂದು ದಿನ ಬೀಡಿಗೆ ಹೋಗಿ, ಅಲ್ಲಿಯ ಹೆಂಗಸರನ್ನು ಮಾತನಾಡಿಸಿ, ಒಲೆ ಎಲ್ಲಿರಬೇಕು, ಬಾಗಿಲು ಯಾವ ಕಡೆಗೆ ತೆರೆಯಬೇಕು, ನೀರಿನ ಕೊಡ ಎಲ್ಲಿ ನಿಲ್ಲಬೇಕು ಎಂದು ಕೇಳಿ ತಿಳಿಯಲಿ. ಆ ಮನೆಯಲ್ಲಿ ಬಾಳತಕ್ಕವರು ಅವರು.